ಜಾವಾ ಹೋಗಿ ಯೆಜ್ಡಿ ಬಂತು

ಕಿಕ್ ಹೊಡೆದು ಸ್ಟಾರ್ಟ್ ಮಾಡಿದ ಲಿವರನ್ನೇ ಮಡಚಿ, ಅದರಲ್ಲೇ ಗೇರ್ ಹಾಕುವ ಮೋಟಾರ್ ಸೈಕಲ್ ಯಾವುದು? ಐವತ್ತು ದಾಟಿದವರನ್ನು ಕೇಳಿದರೆ ಕೆಲವರು ಜಾವಾ ಎನ್ನುತ್ತಾರೆ, ಕೆಲವರು ಯೆಜ್ಡಿ. ಎರಡೂ ಸರಿಯೇ. ಎರಡೂ ಹುಟ್ಟಿದ್ದು ಮೈಸೂರಿನ ಯಾದವಗಿರಿಯ ಒಂದೇ ಕಾರ್ಖಾನೆಯಲ್ಲಿ.

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಪಡೆದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಕೂಡಿ ಜಾವಾ ಆಯಿತು.

ಅದು ಮೈಸೂರಿಗೆ ಬಂದದ್ದು ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ಕಾಲದಲ್ಲಿ. ವಿದೇಶಿ ಬೈಕು ತರಿಸುವುದು ಕಷ್ಟವಾದಾಗ ಉಳಿದ ದಾರಿ ಇಲ್ಲೇ ತಯಾರಿಸುವುದು. ಮದರಾಸಿನಲ್ಲಿ ಎನ್‌ಫೀಲ್ಡ್ 1955ರಲ್ಲೇ ಆ ದಾರಿ ಹಿಡಿದಿತ್ತು. ಮುಂಬಯಿಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ, ಫರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪೆನಿ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲವೂ ಇತ್ತು. 1961ರಲ್ಲಿ ಉತ್ಪಾದನೆ ಆರಂಭವಾಯಿತು.

ಯಂತ್ರ ಸರಳವಾಗಿತ್ತು: ಒಂದೇ ಸಿಲಿಂಡರಿನ 250 ಸಿಸಿ ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದಾದರೂ ಸೈಲೆನ್ಸರ್ ಎರಡು! ಬುಲೆಟ್ಟಿನ ಗಂಭೀರ ಗುಡುಗು ಇದಕ್ಕಿರಲಿಲ್ಲ. ಇದರದು ಬೇರೆಯೇ ಬಡಿತ, ಬೀದಿಯ ತಿರುವಿನಲ್ಲಿದ್ದಾಗಲೇ ಮನೆಯವರಿಗೆ ಗೊತ್ತಾಗುವಂಥದ್ದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳ ರಗಳೆಯಿಲ್ಲ, ಬಿಡಿಭಾಗ ಕಡಿಮೆ. ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ. ಹಡಗಲಿ ಸೀಮೆಯ ಎರೆಹೊಲದ ಬಂಡಿಜಾಡಿರಲಿ, ಮಲೆನಾಡಿನ ಘಾಟಿಯಿರಲಿ, ಇಂಥ ಗಾಡಿಗೆ ಅದಕ್ಕಿಂತ ದೊಡ್ಡ ಗುಣ ಬೇಕಿರಲಿಲ್ಲ. ಆದರೆ ಈ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಲೇಬೇಕು. ಎಣ್ಣೆಯೂ ಉರಿಯುವುದರಿಂದ ಹೊಗೆ ತಪ್ಪದು. ಆಯಿಲ್ ಕಿಂಗ್ ಎಂಬ ಮಾದರಿಯಲ್ಲಿ ಎಣ್ಣೆ ಬೆರೆಸುವ ಕೆಲಸವನ್ನು ಪಂಪಿಗೆ ಒಪ್ಪಿಸಿದರು. ಹೊಗೆ ಮಾತ್ರ ಇದ್ದೇ ಇತ್ತು.

ಜೆಕ್ ಕಂಪೆನಿಯೊಡನೆ ಇದ್ದ ಒಪ್ಪಂದ ಮುಗಿದ ಮೇಲೆ, 1973ರಿಂದ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರ ಜರತುಷ್ಟ್ರ ಧರ್ಮದವರ ಹಳೆಯ ನೆಲೆ. ಒಡೆಯರ ಮನೆತನದ ಹೆಸರೇ ಇರಾನಿ ಎಂಬುದನ್ನು ನೆನೆದರೆ ಒಗಟು ಬಿಡುತ್ತದೆ. 1978ರಲ್ಲಿ ಬಂದ ರೋಡ್‌ಕಿಂಗ್ ಕಾಲೇಜು ಹುಡುಗರ ಕನಸಾಯಿತು. ಹೊಸ ಕಾರ್ಖಾನೆ ತೆರೆಯಲು, ಉತ್ಪಾದನೆ ಹೆಚ್ಚಿಸಲು ಸರ್ಕಾರದ ಪರವಾನಗಿ ಬೇಕಿದ್ದ ದಿನಗಳವು. ಗಿರಾಕಿಯ ಮುಂದಿದ್ದದ್ದು ಮುಖ್ಯವಾಗಿ ಎನ್‌ಫೀಲ್ಡ್, ರಾಜದೂತ್, ಯೆಜ್ಡಿ, ಇಷ್ಟೇ.

ಎಂಬತ್ತರ ದಶಕದಲ್ಲಿ ಲೆಕ್ಕ ತಲೆಕೆಳಗಾಯಿತು. ವಿದೇಶಿ ಕಂಪೆನಿಗಳ ಜೊತೆ ಕೈಜೋಡಿಸಲು ಸರ್ಕಾರ ಒಪ್ಪಿದ್ದೇ ತಡ, 1984ರಿಂದ ಸುಜುಕಿ, ಹೋಂಡಾ, ಯಮಹಾ, ಕವಾಸಕಿ ಸಾಲಾಗಿ ಬಂದವು. 100 ಸಿಸಿಯ ಹಗುರ ಗಾಡಿಗಳು. ಯಮಹಾದ ಆರ್‌ಎಕ್ಸ್ 100 ವೇಗದಲ್ಲಿ ಯೆಜ್ಡಿಯನ್ನು ನಾಚಿಸಿತು. ಫೋರ್ ಸ್ಟ್ರೋಕ್ ಹೀರೋ ಹೋಂಡಾ ಪೆಟ್ರೋಲ್ ಉಳಿಸಿತು. ಸಂಬಳದವನಿಗೆ ತಿಂಗಳ ಕೊನೆಯಲ್ಲಿ ಅದೇ ತಾನೇ ಮುಖ್ಯ?

ಜಪಾನಿಗಳೇ ಯೆಜ್ಡಿಯನ್ನು ಮುಗಿಸಿದರು ಎಂದು ಅಭಿಮಾನಿಗಳು ಈಗಲೂ ದೂರುವುದುಂಟು. ಅದು ಅರ್ಧ ಸತ್ಯ. ಬಣ್ಣ, ಟ್ಯಾಂಕು, ಹ್ಯಾಂಡಲು ಬದಲಾದವೇ ಹೊರತು, 1961ರ ಎಂಜಿನ್ನಿನ ಮೂಲ ವಿನ್ಯಾಸವೇ ಕೊನೆಯವರೆಗೂ ನಡೆಯಿತು. ಎರಡು ಸಿಲಿಂಡರಿನ 350 ಸಿಸಿ ಗಾಡಿ ಬಂದರೂ ಅದೂ ಟೂ ಸ್ಟ್ರೋಕ್, ಅದಕ್ಕೂ ಪೆಟ್ರೋಲ್ ದಾಹ. ಪೈಪೋಟಿಯಿಲ್ಲದ ವರ್ಷಗಳಲ್ಲಿ ಹೊಸ ಎಂಜಿನ್ ಮಾಡಬೇಕಿತ್ತು. ಗಿರಾಕಿ ಕಾಯುತ್ತಿದ್ದಾಗ ಅದರ ತುರ್ತು ಯಾರಿಗೂ ಕಾಣಲಿಲ್ಲ. 1991ರಲ್ಲಿ ಬಂದ ಹೊಗೆಯ ಮಿತಿ 1996ರಲ್ಲಿ ಇನ್ನಷ್ಟು ಬಿಗಿಯಾಯಿತು. ಅದೇ ವರ್ಷ ಕಾರ್ಖಾನೆಗೆ ಬೀಗ ಬಿತ್ತು. ಕಾರ್ಮಿಕರು ಬೀದಿಗೆ ಬಂದರು. ಕಂಪೆನಿಯ ಆಸ್ತಿ, ಸಾಲ, ಬಾಕಿಗಳ ಲೆಕ್ಕ ಹೈಕೋರ್ಟಿಗೆ ಸೇರಿದ ಸಮಾಪನಾಧಿಕಾರಿಯ ಕೈಗೆ ಹೋಯಿತು.

ಗಾಡಿಗಳು ಮಾತ್ರ ಮೂಲೆ ಸೇರಲಿಲ್ಲ. ಪ್ರತಿ ಜುಲೈ ಎರಡನೇ ಭಾನುವಾರ ಹಳೆಯ ಜಾವಾ, ಯೆಜ್ಡಿಗಳನ್ನು ಉಜ್ಜಿ ತೊಳೆದು ತಂದು ಮಾಲೀಕರು ಬೆಂಗಳೂರು, ಮೈಸೂರುಗಳಲ್ಲಿ ಒಂದುಗೂಡುತ್ತಾರೆ. 2018ರಲ್ಲಿ ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿ ಜಾವಾ ಹೆಸರನ್ನೂ, 2022ರಲ್ಲಿ ಯೆಜ್ಡಿಯನ್ನೂ ಮತ್ತೆ ರಸ್ತೆಗಿಳಿಸಿತು. ಅವು ಫೋರ್ ಸ್ಟ್ರೋಕ್ ಗಾಡಿಗಳು, ಗುಂಡಿ ಒತ್ತಿದರೆ ಸಾಕು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ.