ಶಿವಮೊಗ್ಗ–ಭದ್ರಾವತಿಯ ಕಥೋಲಿಕ ಶಾಲೆಗಳು: ಧರ್ಮೋಪದೇಶ, ನೀತಿಪಾಠ ಮತ್ತು ಆತ್ಮಶೋಧನೆ

ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಭದ್ರಾವತಿಯಲ್ಲಿ ಉತ್ಪಾದನೆ ಆರಂಭಿಸಿ, ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ತಲೆಯೆತ್ತಿದ ಮೇಲೆ, ಕನ್ನಡದೊಡನೆ ತಮಿಳು, ತೆಲುಗು, ಉರ್ದು ಮನೆಮಾತಿನ ಕಾರ್ಮಿಕ ಕುಟುಂಬಗಳು ಆ ಪಟ್ಟಣದಲ್ಲಿ ನೆಲೆಯೂರಿದವು. ಹಲವು ಮತಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಇಂಥ ಊರಿನಲ್ಲಿ ಕಥೋಲಿಕ ಶಾಲೆಯೊಂದು ಧರ್ಮವನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆ, ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಪ್ರದೇಶ) 1988ರ ನವೆಂಬರ್ 14ರಂದು ಸ್ಥಾಪನೆಯಾಗುವುದಕ್ಕಿಂತ ಹಳೆಯದು.

ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ನೀಡಿದರೆ, 28ನೆಯ ವಿಧಿಯ ಮೂರನೆಯ ಉಪವಿಧಿಯು ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಮತಬೋಧನೆಗೆ ಕೂರಿಸಲಾಗದೆಂದು ಹೇಳುತ್ತದೆ. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಅಂದರೆ ಧರ್ಮಸಭೆಯ ವಿಶ್ವಾಸದ ಕ್ರಮಬದ್ಧ ಬೋಧನೆ, ಉಳಿದವರಿಗೆ ನೀತಿಪಾಠ ಎಂಬ ಇಬ್ಬಗೆಯ ಏರ್ಪಾಡು ನಮ್ಮ ದೇಶದ ಕಥೋಲಿಕ ಶಾಲೆಗಳಲ್ಲಿ ರೂಢಿಗೆ ಬಂದದ್ದು ಈ ಹಿನ್ನೆಲೆಗೆ ಹೊಂದಿಕೊಂಡೇ. ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಘೋಷಣೆಯನ್ನೂ ಕ್ರೈಸ್ತೇತರ ಧರ್ಮಗಳ ಕುರಿತ ಗೌರವದ ಘೋಷಣೆಯನ್ನೂ 1965ರ ಅಕ್ಟೋಬರ್ 28ರ ಒಂದೇ ದಿನ ಹೊರಡಿಸಿದ್ದರಿಂದ, ಇವೆರಡನ್ನೂ ಒಟ್ಟಿಗೆ ಓದಿಕೊಳ್ಳುವುದೇ ಸರಿ.

ಆದರೆ ಈ ಇಬ್ಬಗೆಯಲ್ಲಿ ಧರ್ಮೋಪದೇಶಕ್ಕೆ ಸಿಕ್ಕ ಆಳ ನೀತಿಪಾಠಕ್ಕೆ ಸಿಗಲಿಲ್ಲ. ಸತ್ಯ ಹೇಳಬೇಕೆಂದು ಬರೆದ ಮಗು ಅಂಕ ಗಳಿಸುವುದಷ್ಟೇ ಅದರ ಫಲವಾಗುವ ಅಪಾಯವಿದೆ. ಈ ಕೊರತೆಯನ್ನು ತುಂಬಬಲ್ಲ ಸಾಧನ ಆತ್ಮಶೋಧನೆ. ಹದಿನಾರನೆಯ ಶತಮಾನದ ಸ್ಪೇನಿನ ಸಂತ ಇಗ್ನೇಷಿಯಸ್ ಲೊಯೋಲ ರೂಪಿಸಿದ, ದಿನವನ್ನು ಕೃತಜ್ಞತೆಯಿಂದ ನೆನೆದು, ನಡೆದದ್ದನ್ನು ಪರಿಶೀಲಿಸಿ, ತಪ್ಪಿಗೆ ಮರುಗಿ, ನಾಳೆಗೆ ಸಂಕಲ್ಪ ಮಾಡುವ ಈ ಕ್ರಮ ಅವರೇ ಸ್ಥಾಪಿಸಿದ ಯೇಸುಸಭೆಯವರ ನಿತ್ಯಾಭ್ಯಾಸವಾಗಿದ್ದು, 2014ರಲ್ಲಿ ಶಿವಮೊಗ್ಗದ ಧರ್ಮಾಧ್ಯಕ್ಷರಾದ ಫ್ರಾನ್ಸಿಸ್ ಸೆರಾವೊ ಅವರೂ ಅದೇ ಸಭೆಯವರು. ಮೂಲದಲ್ಲಿ ಇದು ಪ್ರಾರ್ಥನೆಯೇ ಆದರೂ, ಇದರ ಪ್ರಶ್ನೆಗಳನ್ನು ಯಾವ ಮತದ ಮಗುವೂ ತನ್ನೊಳಗೆ ಕೇಳಿಕೊಳ್ಳಬಹುದು. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವೂ 1949ರಲ್ಲಿ ದಿನದ ಕೆಲಸ ಆರಂಭಿಸುವ ಮುನ್ನ ಕೆಲವು ನಿಮಿಷಗಳ ಮೌನಧ್ಯಾನವನ್ನು ಸೂಚಿಸಿತ್ತು.

ಆತ್ಮಶೋಧನೆಗೆ ಬೇಕಾದದ್ದು ಪಠ್ಯಪುಸ್ತಕವಲ್ಲ, ಅದರ ಪ್ರಶ್ನೆಗಳಿಗೆ ಮಗು ಬರೆದುಕೊಂಡದ್ದನ್ನು ಶಿಕ್ಷಕರು ಓದುವುದಿಲ್ಲ ಎಂಬ ಭರವಸೆ ಮತ್ತು ವೇಳಾಪಟ್ಟಿಯಲ್ಲಿ ಹತ್ತು ನಿಮಿಷ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ನೀತಿಪಾಠದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳಿಗೆ ಕಷ್ಟವೆನಿಸುವುದು ಈ ಹತ್ತು ನಿಮಿಷವೇ.