ಒಮ್ಮೆ ಕೊಯ್ದ ಮೇಲೆ

ಒಂದು ಸಲ ಸಿಸೇರಿಯನ್ ಆದರೆ ಮುಂದಿನದೂ ಸಿಸೇರಿಯನ್ನೇ. ಎರಡನೇ ಬಸಿರಿನ ಸುದ್ದಿ ಹೇಳಿದ ಹೆಂಗಸಿಗೆ ಅತ್ತೆ, ಅಕ್ಕ, ಪಕ್ಕದ ಮನೆಯವರು ಎಲ್ಲರೂ ಹೇಳುವ ಮಾತು ಇದು. ಕೇಳಿದರೆ ಗಾದೆ ಅನಿಸುತ್ತದೆ. ಆದರೆ ಗಾದೆಗಳಿಗೆ ಇಲ್ಲದ ಊರು, ಇಸವಿ, ಹೇಳಿದವರ ಹೆಸರು ಎಲ್ಲವೂ ಇದಕ್ಕಿದೆ. 1916ರಲ್ಲಿ ನ್ಯೂಯಾರ್ಕಿನ ವೈದ್ಯರ ಸಭೆಯೊಂದರಲ್ಲಿ ಎಡ್ವಿನ್ ಕ್ರೇಗಿನ್ ಎಂಬ ಪ್ರಸೂತಿ ತಜ್ಞರು ಈ ಮಾತು ಆಡಿದರು. ಅದೇ ವರ್ಷ ಅದು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು.

ಕ್ರೇಗಿನ್ ಅವರ ಭಾಷಣದ ವಿಷಯ ಎರಡನೇ ಹೆರಿಗೆಯಲ್ಲ. ಹೆರಿಗೆಯಲ್ಲಿ ವೈದ್ಯರು ಕೈ ತಡೆದುಕೊಳ್ಳಬೇಕು, ಅವಸರಕ್ಕೆ ಕತ್ತರಿ ಎತ್ತಬಾರದು ಎಂಬುದು ಅವರ ವಾದ. ಮೊದಲ ಸಲ ಹೊಟ್ಟೆ ಕೊಯ್ಯುವ ಮುನ್ನ ಯೋಚಿಸಿ, ಅದರ ಬೆಲೆಯನ್ನು ಆಕೆ ಮುಂದಿನ ಪ್ರತಿ ಹೆರಿಗೆಯಲ್ಲೂ ತೆರಬೇಕಾಗುತ್ತದೆ ಎಂಬ ಎಚ್ಚರಿಕೆ ಅದು. ಇದಕ್ಕೆ ಅಪವಾದಗಳು ಬಹಳ ಇವೆ, ನನ್ನದೇ ರೋಗಿಯೊಬ್ಬಳು ಸಿಸೇರಿಯನ್ ಆದ ಮೇಲೆ ತೊಂದರೆಯಿಲ್ಲದೆ ಮೂರು ಮಕ್ಕಳನ್ನು ಹೆತ್ತಿದ್ದಾಳೆ ಎಂದೂ ಅಲ್ಲೇ ಹೇಳಿದ್ದರು. ಮೊದಲ ಕೊಯ್ತದ ಬಗ್ಗೆ ವೈದ್ಯರಿಗೆ ಹೇಳಿದ ಮಾತು ಕಾಲಕ್ರಮದಲ್ಲಿ ಎರಡನೇ ಕೊಯ್ತದ ಬಗ್ಗೆ ತಾಯಂದಿರಿಗೆ ಹೇಳುವ ನಿಯಮವಾಯಿತು. ಅಪವಾದಗಳ ಮಾತು ದಾರಿಯಲ್ಲೇ ಉದುರಿಹೋಯಿತು. ಸಂದರ್ಭ ಬಿಟ್ಟು ವಾಕ್ಯ ಮಾತ್ರ ದಾಟಿದರೆ ಏನಾಗುತ್ತದೆ ಎಂಬುದು ಅನುವಾದದ ಕೆಲಸ ಮಾಡುವ ನನ್ನಂಥವರಿಗೆ ಹೊಸದಲ್ಲ.

ಕ್ರೇಗಿನ್ ಅವರಿಗಿಂತ ಮುನ್ನೂರು ವರ್ಷ ಹಿಂದೆ ಇದರ ಉಲ್ಟಾ ಭರವಸೆ ಇತ್ತು. 1581ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ರೂಸೆ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆದ ಪುಸ್ತಕದ ಉದ್ದ ಹೆಸರಿನಲ್ಲೇ, ತಾಯಿಯ ಮುಂದಿನ ಬಸಿರಿಗೆ ಇದರಿಂದ ಅಡ್ಡಿಯಿಲ್ಲ ಎಂಬ ಮಾತು ಸೇರಿತ್ತು. ಅದನ್ನು ಕಾಸ್ಪರ್ ಬೌಹಿನ್ ಲ್ಯಾಟಿನ್ನಿಗೆ ಅನುವಾದಿಸಿ, ಕೊನೆಗೆ ತಮ್ಮದೊಂದು ಅನುಬಂಧ ಸೇರಿಸಿದರು. ಸ್ವಿಟ್ಜರ್ಲೆಂಡಿನಲ್ಲಿ 1500ರ ಸುಮಾರಿಗೆ ಹಂದಿಗಳ ಬೀಜ ತೆಗೆಯುವ ಕಸುಬಿನ ಯಾಕೋಬ್ ನುಫರ್ ಎಂಬಾತ ಹೆಂಡತಿಯ ಹೊಟ್ಟೆ ಕೊಯ್ದು ಮಗು ತೆಗೆದನಂತೆ, ಆಕೆ ಬದುಕಿ ಆಮೇಲೆ ಅವಳಿ ಮಕ್ಕಳೂ ಸೇರಿ ಇನ್ನಷ್ಟು ಮಕ್ಕಳನ್ನು ಸಹಜವಾಗಿಯೇ ಹೆತ್ತಳಂತೆ. ಘಟನೆ ನಡೆದು ಎಂಬತ್ತು ವರ್ಷದ ಮೇಲೆ ಬರೆದ ಕತೆ ಇದು, ಇತಿಹಾಸಕಾರರು ನಂಬುವುದಿಲ್ಲ. ಆ ಕಾಲದಲ್ಲಿ ಗರ್ಭಕೋಶವನ್ನು ಹೊಲಿಯುತ್ತಲೇ ಇರಲಿಲ್ಲ, ಹಾಗೇ ಬಿಡುತ್ತಿದ್ದರು. ಕೊಯ್ಸಿಕೊಂಡ ತಾಯಂದಿರಲ್ಲಿ ಹೆಚ್ಚಿನವರು ಸಾಯುತ್ತಿದ್ದರು.

ಗರ್ಭಕೋಶದ ಗೋಡೆಯನ್ನು ಸರಿಯಾಗಿ ಹೊಲಿಯುವ ಕ್ರಮವನ್ನು ಜರ್ಮನಿಯ ಮ್ಯಾಕ್ಸ್ ಸೆಂಗರ್ 1882ರಲ್ಲಿ ಪ್ರಕಟಿಸಿದರು. ಅಲ್ಲಿಂದ ತಾಯಂದಿರು ಬದುಕತೊಡಗಿದರು, ಮತ್ತೆ ಬಸಿರಾದರು. ಎರಡನೇ ಹೆರಿಗೆಯ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಆಗ. ಆದರೆ ಆಗಿನ ಕೊಯ್ತ ಗರ್ಭಕೋಶದ ಮೇಲ್ಭಾಗದಲ್ಲಿ, ಮೇಲಿಂದ ಕೆಳಕ್ಕೆ. ಹೆರಿಗೆ ನೋವಿನಲ್ಲಿ ಬಿಗಿಯಾಗಿ ಹಿಂಡುವ ಭಾಗವೇ ಅದು. ಹಳೆಯ ಹೊಲಿಗೆ ಅಲ್ಲೇ ಬಿರಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಕ್ರೇಗಿನ್ ಅವರ ಭಯಕ್ಕೆ ಆಧಾರವಿತ್ತು. ಇಂಥ ಕೊಯ್ತ ಆದವರಲ್ಲಿ ನೋವು ಶುರುವಾದರೆ ಗರ್ಭಕೋಶ ಬಿರಿಯುವ ಸಂಭವ ನೂರಕ್ಕೆ ನಾಲ್ಕರಿಂದ ಒಂಬತ್ತು ಎಂದು ಇಂದಿಗೂ ಲೆಕ್ಕ ಹಾಕುತ್ತಾರೆ.

1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಬೇರೆ ಜಾಗ ಹಿಡಿದರು. ಗರ್ಭಕೋಶದ ಕೆಳಭಾಗ ಹೆರಿಗೆಯಲ್ಲಿ ಹಿಂಡುವುದಿಲ್ಲ, ತೆಳುವಾಗಿ ಹಿಗ್ಗುತ್ತದೆ. ಅಲ್ಲಿ ಅಡ್ಡಕ್ಕೆ ಕೊಯ್ದರೆ ರಕ್ತ ಕಡಿಮೆ ಹೋಗುತ್ತದೆ, ಹೊಲಿಗೆ ಚೆನ್ನಾಗಿ ಕೂಡುತ್ತದೆ, ಮುಂದೆ ಬಿರಿಯುವ ಸಂಭವವೂ ಕಡಿಮೆ. ಕ್ರೇಗಿನ್ ಅವರ ಮಾತಿಗೆ ಆಧಾರವಾಗಿದ್ದ ಕೊಯ್ತ ನಿಧಾನವಾಗಿ ಬಳಕೆಯಿಂದ ಸರಿಯಿತು. ಮಾತು ಮಾತ್ರ ಉಳಿಯಿತು.

ಈ ಇತಿಹಾಸ ನನಗೆ ಬೇಕಾಗಿದ್ದು ನನ್ನದೇ ಕಾರಣಕ್ಕೆ. ನನಗೀಗ ಏಳು ತಿಂಗಳು. ಮೊದಲನೆಯದು ಧಾರವಾಡದಲ್ಲಿ, ತವರಿನಲ್ಲಿ, ಸಿಸೇರಿಯನ್. ಈ ಸಲ ಇಲ್ಲೇ ವಡೋದರಾದಲ್ಲಿ. ಸಾಧ್ಯವಾದರೆ ನೋವು ತಿಂದೇ ಹೆರಬೇಕು ಎಂಬ ಆಸೆ. ನಮ್ಮ ಗೋರ್ವಾದ ಓಣಿಯಲ್ಲಿ ಬೇರೆ ರಾಜ್ಯಗಳಿಂದ ಬಂದ ಬಾಡಿಗೆ ಮನೆಯವರೇ ಹೆಚ್ಚು. ಚೊಚ್ಚಲು ತವರಿನಲ್ಲಿ ಎಂಬ ಪದ್ಧತಿ ಅವರಲ್ಲೂ ಇದೆ, ಗುಜರಾತಿಗಳಲ್ಲೂ ಇದೆ. ಪದ್ಧತಿ ಒಳ್ಳೆಯದೇ. ಆದರೆ ಮೊದಲ ಹೆರಿಗೆಯ ಕಾಗದ ಒಂದೂರಲ್ಲಿ, ಎರಡನೇ ಹೆರಿಗೆ ಇನ್ನೊಂದೂರಲ್ಲಿ. ಇಲ್ಲಿನ ಡಾಕ್ಟರು ಮೊದಲು ಕೇಳಿದ್ದೇ ಆ ಕಾಗದ. ಫೋನ್ ಮಾಡಿದರೆ ಅವ್ವ, "ಕಪಾಟಿನ್ಯಾಗ ನಿನ್ನ ಮಾರ್ಕ್ಸ್ ಕಾರ್ಡಿನ ಜೋಡಿ ಇಟ್ಟೇನಿ ತಡಿ, ನಿಮ್ಮಪ್ಪಗ ಫೋಟೋ ತಗದು ಕಳಸಾಕ ಹೇಳ್ತೀನಿ" ಅಂದಳು.

ಡಿಸ್ಚಾರ್ಜ್ ಕಾಗದದಲ್ಲಿ ಇದ್ದದ್ದು ನಾಲ್ಕೇ ಅಕ್ಷರ: ಎಲ್‌ಎಸ್‌ಸಿಎಸ್. ಕೊನೆಯ ಎರಡು ಸಿಸೇರಿಯನ್ ಎನ್ನುತ್ತವೆ. ಮೊದಲ ಎರಡು ಗರ್ಭಕೋಶದ ಕೆಳಭಾಗ ಎನ್ನುತ್ತವೆ. ಕ್ರೇಗಿನ್ ಮತ್ತು ಕೆರ್ ನಡುವಿನ ಅಂತರವೆಲ್ಲ ಆ ಮೊದಲ ಎರಡು ಅಕ್ಷರಗಳಲ್ಲಿದೆ. ಹೊಟ್ಟೆಯ ಮೇಲಿನ ಗೆರೆ ನೋಡಿ ಇದನ್ನು ಹೇಳಲಾಗದು. ಚರ್ಮ ಅಡ್ಡ ಕೊಯ್ದು, ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಕಾಗದ ಕಳೆದುಕೊಂಡವಳಿಗೆ ವೈದ್ಯರು ಧೈರ್ಯ ಹೇಳುವುದು ಕಷ್ಟವಾಗುವುದು ಇದಕ್ಕೇ.

ಹಾಗಾದರೆ ಅಡ್ಡ ಕೊಯ್ತದವರ ಲೆಕ್ಕವೇನು? ಅಮೆರಿಕದ 19 ವೈದ್ಯಕೀಯ ಕೇಂದ್ರಗಳ ದೊಡ್ಡ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸಿಸೇರಿಯನ್ ಬಳಿಕ ಸಹಜ ಹೆರಿಗೆಗೆ ಪ್ರಯತ್ನಿಸಿದ ಸುಮಾರು 18,000 ಹೆಂಗಸರಲ್ಲಿ ನೂರಕ್ಕೆ 73 ಮಂದಿಗೆ ಅದು ಕೈಗೂಡಿತು. ಗರ್ಭಕೋಶ ಬಿರಿದದ್ದು ಸಾವಿರಕ್ಕೆ ಏಳು ಮಂದಿಗೆ. 2001ರ ಇನ್ನೊಂದು ಅಧ್ಯಯನ, ನೋವು ತಾನಾಗಿ ಬಂದವರಿಗಿಂತ ಪ್ರೋಸ್ಟಾಗ್ಲಾಂಡಿನ್ ಔಷಧಿ ಕೊಟ್ಟು ನೋವು ಬರಿಸಿದವರಲ್ಲಿ ಈ ಅಪಾಯ ಬಹಳ ಹೆಚ್ಚು ಎಂದು ತೋರಿಸಿತು. ಸಾವಿರಕ್ಕೆ ಏಳು ಸಣ್ಣ ಸಂಖ್ಯೆ. ಆ ಏಳರಲ್ಲಿ ಒಬ್ಬಳಾದವಳಿಗೆ ಸಣ್ಣದಲ್ಲ. ಹಾಗೆಂದು ಮತ್ತೆ ಮತ್ತೆ ಕೊಯ್ಯುವುದೂ ಅಪಾಯವಿಲ್ಲದ ದಾರಿಯಲ್ಲ. ಪ್ರತಿ ಸಿಸೇರಿಯನ್ನಿಗೂ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಭಯ ಹೆಚ್ಚುತ್ತದೆ.

ಅಮೆರಿಕದಲ್ಲಿ ಈ ದಾರಿ ಒಮ್ಮೆ ತೆರೆದು ಮತ್ತೆ ಮುಚ್ಚಿದ ಕತೆಯೂ ತಿಳಿಯಬೇಕಾದ್ದು. 1980ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಕ್ರೇಗಿನ್ ನಿಯಮವನ್ನು ಪ್ರಶ್ನಿಸಿತು. 1996ರ ಹೊತ್ತಿಗೆ ಹಿಂದೆ ಸಿಸೇರಿಯನ್ ಆದವರಲ್ಲಿ ನೂರಕ್ಕೆ 28 ಮಂದಿ ಸಹಜವಾಗಿ ಹೆರುತ್ತಿದ್ದರು. ಆ ದಶಕದ ಕೊನೆಯಲ್ಲಿ ಪ್ರಸೂತಿ ತಜ್ಞರ ಸಂಘ ತನ್ನ ಮಾರ್ಗಸೂಚಿಯಲ್ಲಿ ಒಂದು ಪದ ಬದಲಿಸಿತು. ತುರ್ತು ಶಸ್ತ್ರಚಿಕಿತ್ಸೆ ಮಾಡಬಲ್ಲ ವೈದ್ಯರು ಸುಲಭವಾಗಿ ಸಿಗುವಂತಿರಬೇಕು ಎಂದಿದ್ದದ್ದು ತಕ್ಷಣ ಸಿಗುವಂತಿರಬೇಕು ಎಂದಾಯಿತು. ಅಷ್ಟು ಜನರನ್ನು ಇಟ್ಟುಕೊಳ್ಳಲಾಗದ, ಮೊಕದ್ದಮೆಗೆ ಹೆದರಿದ ಆಸ್ಪತ್ರೆಗಳು ಬಾಗಿಲು ಹಾಕಿದವು. ಹತ್ತು ವರ್ಷದಲ್ಲಿ ಆ ಪ್ರಮಾಣ ಹತ್ತಕ್ಕಿಂತ ಕೆಳಗಿಳಿಯಿತು. 2010ರಲ್ಲಿ ಅದೇ ಸಂಘ, ಆಸ್ಪತ್ರೆಯ ನಿಯಮ ತೋರಿಸಿ ಹೆಂಗಸಿನ ಇಚ್ಛೆಗೆ ವಿರುದ್ಧವಾಗಿ ಸಿಸೇರಿಯನ್ ಮಾಡಬಾರದು ಎಂದು ಹೇಳಬೇಕಾಯಿತು.

ನಮ್ಮಲ್ಲಿ ಲೆಕ್ಕ ಬೇರೆ ಥರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಿಸೇರಿಯನ್ 2015-16ರಲ್ಲಿ ನೂರಕ್ಕೆ 17.2 ಇದ್ದದ್ದು 2019-21ರಲ್ಲಿ 21.5 ಆಯಿತು. ಕರ್ನಾಟಕದಲ್ಲಿ 23.6ರಿಂದ 31.5. ಗುಜರಾತಿನಲ್ಲಿ 18.4ರಿಂದ 21. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿಯಲ್ಲಿ 47.4. ಮೊದಲ ಕೊಯ್ತಗಳು ಹೆಚ್ಚಿದಂತೆ ನನ್ನ ಪ್ರಶ್ನೆ ಕೇಳುವ ಹೆಂಗಸರೂ ಹೆಚ್ಚುತ್ತಾರೆ.

ಗುಜರಾತ್ ಸರ್ಕಾರ ಹಣದ ಕಡೆಯಿಂದ ಒಂದು ಪ್ರಯೋಗ ಮಾಡಿತ್ತು. 2005ರ ಡಿಸೆಂಬರಿನಲ್ಲಿ ಕಛ್, ಬನಾಸ್‌ಕಾಂಠಾ, ಸಾಬರ್‌ಕಾಂಠಾ, ಪಂಚಮಹಲ್, ದಾಹೋದ್ ಜಿಲ್ಲೆಗಳಲ್ಲಿ ಚಿರಂಜೀವಿ ಯೋಜನೆ ಶುರುವಾಯಿತು. ಬಡ ತಾಯಂದಿರ ಹೆರಿಗೆ ಮಾಡಿಸುವ ಖಾಸಗಿ ವೈದ್ಯರಿಗೆ ಹೆರಿಗೆಗೆ 1,795 ರೂಪಾಯಿ, ನಾರ್ಮಲ್ ಆದರೂ ಅಷ್ಟೇ, ಸಿಸೇರಿಯನ್ ಆದರೂ ಅಷ್ಟೇ. ನೂರು ಹೆರಿಗೆಗೆ ಏಳು ಸಿಸೇರಿಯನ್ ಎಂದು ಹಿಡಿದು ಹಾಕಿದ ದರ. ಕೊಯ್ದರೆ ಹೆಚ್ಚು ದುಡ್ಡು ಎಂಬ ಆಸೆಯನ್ನು ಇದು ತೆಗೆಯಿತು. ಆದರೆ ತೊಡಕಿನ ಬಸಿರಿನವಳನ್ನು ಸೇರಿಸಿಕೊಂಡರೆ ನಷ್ಟ ಎಂಬ ಅಳುಕನ್ನು ತೆಗೆಯಲಿಲ್ಲ. ಹೊಲಿಗೆ ಇರುವ ಗರ್ಭಕೋಶ ಅಂಥದ್ದೇ. ಆಸ್ಪತ್ರೆಯ ಹೆರಿಗೆಗಳು ಯೋಜನೆಯಿಂದಲೇ ಹೆಚ್ಚಾದವು ಎನ್ನಲು ಆಧಾರ ಸಿಗಲಿಲ್ಲ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಸಿಸೇರಿಯನ್ ಬಳಿಕದ ಸಹಜ ಹೆರಿಗೆಗೆ ಬೇಕಾದದ್ದು ಕಾಯುವ ಜನ. ನೋವು ಶುರುವಾದಾಗಿನಿಂದ ಮಗುವಿನ ಎದೆಬಡಿತ ನೋಡುತ್ತಿರುವ ನರ್ಸ್, ಅರ್ಧರಾತ್ರಿಯಲ್ಲೂ ಸಿಗುವ ಅರಿವಳಿಕೆ ತಜ್ಞರು, ತೆರೆದ ಆಪರೇಷನ್ ಥಿಯೇಟರು, ಹೊಂದುವ ರಕ್ತ. ಒಬ್ಬರೇ ಡಾಕ್ಟರು ಹಗಲು ರಾತ್ರಿ ನಡೆಸುವ ನರ್ಸಿಂಗ್ ಹೋಮಿನಲ್ಲಿ ಇದು ಕಷ್ಟ. ಅಂಥ ಕಡೆ ಬೇಡ ಎನ್ನುವ ವೈದ್ಯರು ಕ್ರೇಗಿನ್ ಅವರ ಮಾತು ಒಪ್ಪಿಸುತ್ತಿದ್ದಾರೆ ಎಂದೇ ತಿಳಿಯಬೇಕಿಲ್ಲ, ತಮ್ಮಲ್ಲಿ ಏನಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳುತ್ತಿರಬಹುದು. ಆದರೆ ಹಾಗಿದ್ದರೆ ಹಾಗೆಯೇ ಹೇಳಲಿ. ನಿನ್ನ ಗರ್ಭಕೋಶಕ್ಕೆ ಆಗದು ಎನ್ನುವುದೂ ನಮ್ಮ ಆಸ್ಪತ್ರೆಗೆ ಆಗದು ಎನ್ನುವುದೂ ಒಂದೇ ಅಲ್ಲ. ಎರಡನೆಯದು ಗೊತ್ತಾದವಳು ದೊಡ್ಡಾಸ್ಪತ್ರೆಗೆ ಹೋಗಿ ಕೇಳಬಹುದು. ಮೊದಲನೆಯದನ್ನು ಕೇಳಿದವಳು ಮನೆಗೆ ಹೋಗಿ ಸುಮ್ಮನಾಗುತ್ತಾಳೆ.

ಹಾಗಾಗಿ ಎರಡನೇ ಸಲ ಬಸಿರಾದವರು ಮೂರು ಪ್ರಶ್ನೆ ಕೇಳಬೇಕು. ಹೋದ ಸಲ ಗರ್ಭಕೋಶದ ಎಲ್ಲಿ, ಹೇಗೆ ಕೊಯ್ದಿದ್ದರು? ಆಗ ಸಿಸೇರಿಯನ್ ಯಾಕೆ ಬೇಕಾಯಿತು, ಆ ಕಾರಣ ಈ ಸಲವೂ ಇದೆಯೇ? ನೋವು ರಾತ್ರಿ ಎರಡಕ್ಕೆ ಬಂದರೆ ಇಲ್ಲಿ ಯಾರಿರುತ್ತಾರೆ? ಮೊದಲೆರಡರ ಉತ್ತರ ಹಳೆಯ ಕಾಗದದಲ್ಲಿ ಇರಬೇಕು. ಚೊಚ್ಚಲು ಮುಗಿಸಿ ತವರಿನಿಂದ ಹೊರಡುವ ಹುಡುಗಿಯ ಚೀಲದಲ್ಲಿ ಅಂಟಿನುಂಡೆ ಡಬ್ಬಿಯ ಪಕ್ಕ ಆ ಕಾಗದವನ್ನೂ ಇಟ್ಟು ಕಳಿಸಿ.