ಬೂದಿದಿಬ್ಬಗಳಲ್ಲಿ ಅಡಗಿದ ದನಗಾಹಿಗಳ ಚರಿತ್ರೆ

ಬಳ್ಳಾರಿಯಿಂದ ಹೊಸಪೇಟೆಯತ್ತ ಹೊರಟರೆ ಕುಡತಿನಿಯ ಬಳಿ ಬೂದುಬಣ್ಣದ ದೊಡ್ಡ ದಿಬ್ಬವೊಂದು ಸಿಗುತ್ತದೆ. ಅದರ ಮಣ್ಣು ಸುತ್ತಲಿನ ಹೊಲಗಳ ಮಣ್ಣಿನಂತಲ್ಲ. ಕೆಲವು ಹೆಂಟೆಗಳು ಮುಟ್ಟಿದರೆ ಪುಡಿಯಾಗುತ್ತವೆ; ಇನ್ನು ಕೆಲವು ಗಾಜಿನಂತೆ ಕರಗಿ ಹೆಪ್ಪುಗಟ್ಟಿ ಕಿಟ್ಟದ ಹಾಗೆ ಗಟ್ಟಿಯಾಗಿವೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲಿ ಮತ್ತು ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚಿವೆ. ಜನರ ಬಾಯಲ್ಲಿ ಇವು ಬೂದಿದಿಬ್ಬ, ಬೂದಿಗುಡ್ಡ. ಹಂಪಿಗೆ ಸಮೀಪದ ನಿಂಬಾಪುರದ ದಿಬ್ಬ ವಾಲಿಯ ಚಿತೆಯ ಬೂದಿ ಎಂಬ ನಂಬಿಕೆ ಇಂದಿಗೂ ಉಂಟು.

ವಿದ್ವಾಂಸರೂ ಈ ಬೂದಿಯ ವಿಷಯದಲ್ಲಿ ಬಹುಕಾಲ ದಾರಿ ತಪ್ಪಿದ್ದರು. 1836ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಇದರ ಬಗ್ಗೆ ಬರೆದಾಗ ಇದು ಜ್ವಾಲಾಮುಖಿಯ ಕಿಟ್ಟವೇ ಎಂಬ ಪ್ರಶ್ನೆ ಚರ್ಚೆಯಲ್ಲಿತ್ತು. ಕಬ್ಬಿಣ ಕರಗಿಸಿದ ಕುಲುಮೆಗಳ ಕಸ ಎಂದವರುಂಟು, ಸಾಮೂಹಿಕ ಶವದಹನದ ಬೂದಿ ಎಂದವರೂ ಉಂಟು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ, ಇದು ನವಶಿಲಾಯುಗದ ಜನ ಸುಟ್ಟ ದನದ ಸಗಣಿ ಎಂದು 19ನೇ ಶತಮಾನದಲ್ಲೇ ವಾದಿಸಿದ್ದರು. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಪ್ರಯೋಗಾಲಯದ ಪರೀಕ್ಷೆಗಳಿಂದ ಫೂಟರ ಮಾತನ್ನು ದೃಢಪಡಿಸಿದರು. ಹುಲ್ಲಿನಲ್ಲಿರುವ ಸಿಲಿಕಾ ದನದ ಹೊಟ್ಟೆಯನ್ನು ದಾಟಿ ಸಗಣಿಯಲ್ಲಿ ಉಳಿಯುತ್ತದೆ. ತೀವ್ರ ಶಾಖಕ್ಕೆ ಸಿಕ್ಕಾಗ ಅದೇ ಗಾಜಾಗುತ್ತದೆ.

ಸಗಣಿ ಸರಿ, ಆದರೆ ಗುಡ್ಡದಷ್ಟು ಸಗಣಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಕೊಟ್ಟದ್ದು ಹಳೆಯ ಮೆಹಬೂಬ್‌ನಗರ ಜಿಲ್ಲೆಯ ಉತ್ನೂರು. ರೇಮಂಡ್ ಆಲ್ಚಿನ್ 1957ರಲ್ಲಿ ಅಲ್ಲಿನ ದಿಬ್ಬದ ಉತ್ಖನನ ನಡೆಸಿದಾಗ ಬೂದಿಯ ಪದರಗಳ ಅಡಿಯಲ್ಲಿ ಮರದ ಕಂಬಗಳನ್ನು ಸಾಲಾಗಿ ನೆಟ್ಟ ಗುಳಿಗಳು ಕಂಡವು. ಅದು ದನದ ದೊಡ್ಡಿಯ ಬೇಲಿ. ದೊಡ್ಡಿಯ ನೆಲದ ಮೇಲೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ಸಾವಿರಾರು ವರ್ಷಗಳ ಹಿಂದೆ ಒಂದು ಸಂಜೆ ಹಟ್ಟಿಗೆ ಮರಳಿದ ದನಗಳ ಹೆಜ್ಜೆಗಳು ಎಂದರೆ ತಪ್ಪಾಗಲಾರದು. ದೊಡ್ಡಿಯಲ್ಲಿ ಶೇಖರವಾದ ಸಗಣಿಗೆ ಬೆಂಕಿ ಇಡುತ್ತಿದ್ದರು, ಮತ್ತೆ ಅದೇ ಜಾಗದಲ್ಲಿ ದನ ಕೂಡುತ್ತಿದ್ದರು, ಮತ್ತೆ ಸುಡುತ್ತಿದ್ದರು. ಹೀಗೆ ಪದರದ ಮೇಲೆ ಪದರ ಬೆಳೆದು ದಿಬ್ಬವಾಯಿತು.

ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವಂಥ ಆಚರಣೆಗಳ ಮೂಲ ಇಲ್ಲಿರಬಹುದೆಂದು ಆಲ್ಚಿನ್ ಊಹಿಸಿದ್ದರು. ಊಹೆ ಆಕರ್ಷಕವಾಗಿದೆ. ಆದರೆ ನಡುವೆ ನಾಲ್ಕು ಸಾವಿರ ವರ್ಷಗಳ ಅಂತರವಿರುವುದನ್ನು ಮರೆಯುವಂತಿಲ್ಲ.

ಹಾಗಾದರೆ ಇವರು ಊರಿಲ್ಲದ ಅಲೆಮಾರಿಗಳೇ? ಪಠ್ಯಪುಸ್ತಕಗಳಲ್ಲಿ ಅಲೆಮಾರಿ ಎಂದರೆ ರೋಮಿನ ಮೇಲೆ ಬಿದ್ದ ಹೂಣ, ಚೀನಾದ ಗಡಿ ದಾಟಿ ಬಂದ ಕುದುರೆ ಸವಾರ. ಒಕ್ಕಲಿಗ ಗೋಡೆ ಕಟ್ಟುತ್ತಾನೆ, ದನಗಾಹಿ ಅದನ್ನು ಒಡೆಯುತ್ತಾನೆ. ದಖ್ಖನಿನ ಮಣ್ಣಿನಲ್ಲಿ ಸಿಕ್ಕ ಪುರಾವೆಗಳು ಈ ಚಿತ್ರಕ್ಕೆ ಹೊಂದುವುದಿಲ್ಲ.

ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1989ರಿಂದ ಹಲವು ವರ್ಷ ಉತ್ಖನನ ನಡೆಸಿದರು. ಅಲ್ಲಿ ಬೂದಿದಿಬ್ಬದ ಮಗ್ಗುಲಲ್ಲೇ ಮನೆಗಳ ನೆಲೆ ಸಿಕ್ಕಿತು. ಮಡಕೆಗಳಲ್ಲಿ ಮಕ್ಕಳನ್ನು ಹೂತ ಸಮಾಧಿಗಳಿದ್ದವು, ಕಲ್ಲಿನ ಆಯುಧಗಳನ್ನು ತಯಾರಿಸುವ ಜಾಗವಿತ್ತು, ದನಗಳನ್ನು ಕಡಿದು ಮಾಂಸ ಹಂಚುತ್ತಿದ್ದ ವಿಶಾಲ ನೆಲವೂ ಇತ್ತು. ಎರಡು ದಿನ ತಂಗಿ ಹೋಗುವವರು ಇಷ್ಟೆಲ್ಲ ಮಾಡಿಕೊಳ್ಳುವುದಿಲ್ಲ. ಇದು ದನವನ್ನೇ ನಂಬಿದ ಊರು ಎಂಬುದು ಪದ್ದಯ್ಯನವರ ವಾದ. ಕೆಲವು ದಿಬ್ಬಗಳು ಮಾತ್ರ ವರ್ಷದ ಒಂದು ಕಾಲದಲ್ಲಿ ಹಲವು ಗುಂಪುಗಳು ದನಗಳೊಂದಿಗೆ ಕೂಡುತ್ತಿದ್ದ ತಾಣಗಳಾಗಿರಬೇಕು ಎನ್ನುವವರೂ ಇದ್ದಾರೆ. ಎಲ್ಲ ದಿಬ್ಬಗಳಿಗೂ ಒಂದೇ ವಿವರಣೆ ಹುಡುಕುವುದೇ ತಪ್ಪಿರಬಹುದು.

ಇನ್ನೊಂದು ಸಾಕ್ಷ್ಯ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕರಿಕಾದ ಕಾಳುಗಳು ತೇಲುತ್ತವೆ. ಬಳ್ಳಾರಿಯ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹೀಗೆ ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳನ್ನು ಪತ್ತೆಹಚ್ಚಿದರು. ಇವು ಮಳೆಯಾಶ್ರಿತ ಒಣಭೂಮಿಯ ಬೆಳೆಗಳು. ಗೋಧಿ, ಬಾರ್ಲಿ ಹೊರಗಿನಿಂದ ಆಮೇಲೆ ಬಂದವು. ಅಂದರೆ ದನ ಮೇಯಿಸುವವರ ಮಡಕೆಯಲ್ಲಿ ಹುರುಳಿ ಬೇಯುತ್ತಿತ್ತು. ಬೆಳೆದವರು ಅವರೇ ಇರಬಹುದು, ನಂಟರೂ ಇರಬಹುದು. ಮಳೆಗಾಲದಲ್ಲಿ ಒಂದಿಷ್ಟು ಜನ ಬಿತ್ತನೆಗೆ ನಿಂತು, ಉಳಿದವರು ಹಿಂಡಿನೊಂದಿಗೆ ಮೇವು ಅರಸಿ ಹೋಗಿ ಬರುತ್ತಿದ್ದರೆಂದು ಭಾವಿಸಿದರೆ ಈ ಪುರಾವೆಗಳೆಲ್ಲ ಒಂದಕ್ಕೊಂದು ಕೂಡಿಬರುತ್ತವೆ.

ಕ್ರಿ.ಪೂ. 2000ದ ಆಸುಪಾಸಿನಲ್ಲಿ ಚಿತ್ರ ಬದಲಾಗುತ್ತದೆ. ಸಂಗನಕಲ್ಲು, ತೆಕ್ಕಲಕೋಟೆಗಳಂಥ ಕಡೆ ಬಂಡೆಗುಡ್ಡಗಳ ಮೇಲೆ ದುಂಡನೆಯ ಗುಡಿಸಲುಗಳ ಊರುಗಳು ನೆಲೆಯೂರಿದವು. ಬೂದಿಯ ದಿಬ್ಬಗಳು ಕ್ರಮೇಣ ನಿಂತುಹೋದವು. ದನ ಮಾತ್ರ ಹೋಗಲಿಲ್ಲ. ಕುಪ್ಪಗಲ್ಲಿನ ಹಿರೇಗುಡ್ಡದ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ, ಹಿಣಿಲಿನ ದನಗಳ ಚಿತ್ರಗಳನ್ನು ಕಲ್ಲಿನಿಂದ ಕುಟ್ಟಿ ಮೂಡಿಸಿದ್ದಾರೆ. ಅದೇ ಗುಡ್ಡದಲ್ಲಿ ಕಲ್ಲುಕೊಡಲಿಗಳು ರಾಶಿ ರಾಶಿಯಾಗಿ ತಯಾರಾಗುತ್ತಿದ್ದವು. ಸಗಣಿ ಸುಡುವುದು ನಿಂತದ್ದೇಕೆ? ಹೊಲ ಹೆಚ್ಚಿದಂತೆ ಅದು ಗೊಬ್ಬರವಾಗಿ ಬಳಕೆಯಾಗತೊಡಗಿತೇ? ನೇರ ಸಾಕ್ಷ್ಯವಿಲ್ಲದಿದ್ದರೂ ಯಾವ ರೈತನೂ ಮೊದಲು ಕೇಳುವ ಪ್ರಶ್ನೆ ಇದು.

ಜಗಳವೇ ಇರಲಿಲ್ಲವೆಂದು ಹೇಳಲಾಗದು. ದನ ಚಲಿಸುವ ಸಂಪತ್ತು, ಕದಿಯಲು ಸುಲಭ. ಎಷ್ಟೋ ಶತಮಾನಗಳ ನಂತರದ ಕರ್ನಾಟಕದಲ್ಲಿ ತುರುಗೋಳ್ ಎಂಬ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಿಡಿದೊಯ್ದ ದನಗಳನ್ನು ಬಿಡಿಸಿ ತರುವಾಗ ಸತ್ತವರ ವೀರಗಲ್ಲುಗಳು ಊರೂರಲ್ಲಿ ನಿಂತಿವೆ. ಆದರೆ ಅಲ್ಲಿ ಕದನ ನಡೆದದ್ದು ಊರು ಊರುಗಳ ನಡುವೆ, ಸೀಮೆ ಸೀಮೆಗಳ ನಡುವೆ. ಅದನ್ನು ಅಲೆಮಾರಿಗೂ ಒಕ್ಕಲಿಗನಿಗೂ ನಡೆದ ಯುದ್ಧವೆಂದು ಓದುವುದು ಸರಿಯಲ್ಲ.

ಹಳೆಯ ಒಪ್ಪಂದದ ಒಂದು ರೂಪ ಉತ್ತರ ಕರ್ನಾಟಕದಲ್ಲಿ ಈಗಲೂ ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ ಕುರುಬರು ಹಿಂಡುಗಳೊಂದಿಗೆ ಹೊರಡುತ್ತಾರೆ. ಹೊಲದ ಒಡೆಯ ಕೆಲವು ರಾತ್ರಿ ತನ್ನ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾನೆ, ಬದಲಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕೂಳೆ ಮೇದ ಕುರಿ ಹೊಲಕ್ಕೆ ಗೊಬ್ಬರ ಬಿಟ್ಟು ಮುಂದಿನ ಊರಿಗೆ ಹೋಗುತ್ತದೆ. ಇದು ಬೂದಿದಿಬ್ಬಗಳ ಕಾಲದಿಂದ ಬಂದ ಪದ್ಧತಿ ಎಂದು ಹೇಳುವ ಆಧಾರವಿಲ್ಲ. ಒಣ ಬಯಲಿನಲ್ಲಿ ಹಿಂಡಿಗೂ ಹೊಲಕ್ಕೂ ಪರಸ್ಪರ ಇರುವ ಅಗತ್ಯವನ್ನು ಮಾತ್ರ ಇದು ತೋರಿಸುತ್ತದೆ.

ಬೂದಿದಿಬ್ಬಗಳು ವರ್ಷದಿಂದ ವರ್ಷಕ್ಕೆ ಕರಗುತ್ತಿವೆ. ಕುಪ್ಪಗಲ್ಲಿನ ಬಂಡೆಚಿತ್ರಗಳಿಗೆ ಕಲ್ಲು ಗಣಿಗಾರಿಕೆಯಿಂದ ಆಗುತ್ತಿದ್ದ ಹಾನಿ 2004ರ ಹೊತ್ತಿಗೇ ಸುದ್ದಿಯಾಗಿತ್ತು. ದಿಬ್ಬಗಳಿಗೆ ಅಷ್ಟು ಪ್ರಚಾರವೂ ಸಿಕ್ಕಿಲ್ಲ. ಹಲವೆಡೆ ಅವನ್ನು ಅಗೆದು ಸಮತಟ್ಟು ಮಾಡಲಾಗಿದೆ. ಆ ಬೂದಿ ಹೋಗಿ ಬಿದ್ದಿರುವುದು ಸುತ್ತಲಿನ ಹೊಲಗಳಿಗೆ, ಗೊಬ್ಬರವಾಗಿ.